ಕತ್ತರಿಗೆ ಸಿಕ್ಕಿದ ಕೆಂಪು ಗೆರೆ

ಉರಿಮೂತ್ರ ಶುರುವಾದರೆ ನಮ್ಮ ಬೀದಿಯವರು ಮೊದಲು ಹೋಗುವುದು ಎಳನೀರಿನ ಗಾಡಿಗೆ. ಎರಡು ದಿನ ನೋಡಿ ಮೆಡಿಕಲ್ ಶಾಪಿಗೆ. ಡಾಕ್ಟರ ಸರದಿ ಬರುವುದು ದೇವರಿಗೆ ಹರಕೆ ಹೊತ್ತ ಮೇಲೆ. ಈಚೆಗೆ ನಾನೂ ಇದೇ ದಾರಿ ಹಿಡಿದೆ.

‘ಉರಿಯಾ ಸಾರ್? ಪದೇ ಪದೇ ಹೋಗ್ಬೇಕು ಅನ್ಸುತ್ತಾ?’ ಎಂದ ಅಂಗಡಿ ಹುಡುಗ. ಎಂಬಿಬಿಎಸ್ ಮಾಡಿದವರೂ ಇಷ್ಟು ಬೇಗ ರೋಗ ಹಿಡಿಯಲಾರರು. ಸೆಫಿಕ್ಸಿಮ್ ಎಂಬ ಆ್ಯಂಟಿಬಯಾಟಿಕ್ ಸ್ಟ್ರಿಪ್ ಎಳೆದ. ‘ಹತ್ತು ಯಾಕೆ, ನಾಲ್ಕು ಸಾಕು. ಕಡಿಮೆ ಆದ್ರೆ ನಿಲ್ಸಿ.’ ಸ್ಟ್ರಿಪ್ಪಿನ ಬೆನ್ನಿಗೆ ಉದ್ದಕ್ಕೂ ಒಂದು ಕೆಂಪು ಗೆರೆ. ಡಾಕ್ಟರ ಚೀಟಿಯಿಲ್ಲದೆ ಇದನ್ನು ನುಂಗಬೇಡಿ ಎಂದು ಆರೋಗ್ಯ ಸಚಿವಾಲಯ 2016ರಲ್ಲಿ ಪ್ರಚಾರ ಮಾಡಿದ್ದು ಇದೇ ಗೆರೆಯನ್ನು ತೋರಿಸಿ. ಹುಡುಗನ ಕತ್ತರಿ ಅದನ್ನು ಕಚಕ್ಕನೆ ದಾಟಿತು. ಈ ಮಾತ್ರೆ 2014ರಿಂದ ಸರ್ಕಾರದ ಎಚ್1 ಪಟ್ಟಿಯಲ್ಲೂ ಇದೆ: ಬರೆದ ಡಾಕ್ಟರ್ ಯಾರು, ಯಾರಿಗೆ, ಎಷ್ಟು ಎಂದು ಬೇರೆ ರಿಜಿಸ್ಟರಿನಲ್ಲಿ ದಾಖಲಿಸಿ ಮೂರು ವರ್ಷ ಜೋಪಾನ ಮಾಡಬೇಕು. ಸುಳ್ಳು ಹೇಳಬಾರದು, ರಿಜಿಸ್ಟರ್ ಇತ್ತು. ಫ್ಯಾನಿನ ಗಾಳಿಗೆ ಬಿಲ್ಲುಗಳು ಹಾರದಂತೆ ಅವುಗಳ ಮೇಲೆ ಕುಳಿತಿತ್ತು.

ಎರಡೇ ಮಾತ್ರೆಗೆ ಉರಿ ಇಳಿಯಿತು. ಮಿಕ್ಕೆರಡನ್ನು ಉಪ್ಪಿನಕಾಯಿ ಹಾಗೆ ಡಬ್ಬಿಯಲ್ಲಿಟ್ಟೆ.

ಒಳಗೆ ನಡೆದದ್ದು ಬೇರೆ. ಈ ಕಾಯಿಲೆಯ ಬಹುಪಾಲು ನಮ್ಮ ಕರುಳಿನ ಬಾಡಿಗೆದಾರ ಬ್ಯಾಕ್ಟೀರಿಯಾ ಈ. ಕೋಲಿಯದ್ದೇ. ಅನುಕೂಲ ಸಿಕ್ಕರೆ ಇಪ್ಪತ್ತು ನಿಮಿಷಕ್ಕೆ ಒಂದು ಎರಡಾಗುವ ವಂಶ. ಅರೆಬರೆ ಔಷಧಕ್ಕೆ ಪಾಪದವು ಸತ್ತು, ಗಟ್ಟಿಗರು ಉಳಿದು, ಖಾಲಿಯಾದ ಜಾಗವನ್ನೆಲ್ಲ ತಮ್ಮ ಸಂತಾನಕ್ಕೆ ಖಾತೆ ಮಾಡಿಸಿಕೊಳ್ಳುತ್ತವೆ. ಮೇಲಾಗಿ ಪ್ಲಾಸ್ಮಿಡ್ ಎಂಬ ಡಿಎನ್ಎ ಉಂಗುರ ಬೇರೆ. ಪರೀಕ್ಷೆಯಲ್ಲಿ ಚೀಟಿ ದಾಟಿಸಿದಂತೆ ಅದರ ಮೂಲಕ ಪಕ್ಕದ ಜಾತಿಯ ಬ್ಯಾಕ್ಟೀರಿಯಾಕ್ಕೂ ಔಷಧ ತಡೆಯುವ ಉತ್ತರ ದಾಟಿಸುತ್ತವೆ. ಅಂತರ್ಜಾತಿ ಸಂಬಂಧಕ್ಕೆ ಅಲ್ಲಿ ಪಂಚಾಯಿತಿ ಸೇರುವುದಿಲ್ಲ.

ಈ ದಾಟಿಸುವಾಟ ಎಲ್ಲಿಗೆ ಮುಟ್ಟಿತೆಂದರೆ, 2008ರಲ್ಲಿ ಭಾರತ ಮೂಲದ ಸ್ವೀಡನ್ ನಾಗರಿಕನೊಬ್ಬನ ಮೂತ್ರದಲ್ಲಿ, ಕೊನೆಯ ಅಸ್ತ್ರವೆನಿಸಿದ ಕಾರ್ಬಪೆನೆಮ್‌ಗೂ ಬಗ್ಗದ ಕ್ಲೆಬ್ಸಿಯೆಲ್ಲಾ ಬ್ಯಾಕ್ಟೀರಿಯಾ ಸಿಕ್ಕಿತು. ಔಷಧ ಒಡೆಯುವ ಕಿಣ್ವ ತಯಾರಿಸುವ ಅದರ ಜೀನ್ ಅವನ ಮಲದ ಈ. ಕೋಲಿಯಲ್ಲೂ ಇತ್ತು. ಅವನು ದೆಹಲಿಯಲ್ಲಿ ಆಸ್ಪತ್ರೆ ಸೇರಿದ್ದನೆಂದು ಆ ಕಿಣ್ವಕ್ಕೆ ‘ನ್ಯೂ ಡೆಲ್ಲಿ’ ಎಂದು ನಾಮಕರಣವಾಯಿತು. 2010ರಲ್ಲಿ ಸುದ್ದಿ ದೊಡ್ಡದಾದಾಗ ದೇಶಕ್ಕೆ ಎಲ್ಲಿಲ್ಲದ ಉರಿ ಹತ್ತಿಕೊಂಡಿತು, ಹೆಸರಿನ ಮೇಲೆ. ಮೆಡಿಕಲ್ ಟೂರಿಸಂ ಹಾಳು ಮಾಡುವ ಪಿತೂರಿ ಎಂದರು, ಸಂಸತ್ತಿನಲ್ಲೂ ಮಾತಾಯಿತು. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಸಂಪಾದಕರು 2011ರಲ್ಲಿ ಹೆಸರಿನ ಬಗ್ಗೆ ಕ್ಷಮೆ ಕೇಳಿದರು. ಗೆದ್ದೆವು! ಅದೇ ವರ್ಷದ ಏಪ್ರಿಲ್‌ನಲ್ಲಿ ಬಂದ ಇನ್ನೊಂದು ವರದಿ ದೆಹಲಿಯ 50 ನಲ್ಲಿ ನೀರಿನ ಮಾದರಿಗಳಲ್ಲಿ ಎರಡರಲ್ಲಿ, ರಸ್ತೆಬದಿಯ 171 ಕೊಳಚೆ ಮಾದರಿಗಳಲ್ಲಿ 51ರಲ್ಲಿ ಆ ಜೀನ್ ಇದೆ ಎಂದಿತು. ಹೆಸರು ಬದಲಿಸಲು ನಾವು ಪಟ್ಟ ಶ್ರಮವನ್ನು ನಲ್ಲಿಗೆ ಪಟ್ಟಿದ್ದರೆ ಎಂದು ಕೇಳುವವರು ದೇಶದ್ರೋಹಿಗಳು.

ಹತ್ತು ದಿನಕ್ಕೆ ನನ್ನ ಉರಿ ವಾಪಸು ಬಂತು, ಬಡ್ಡಿ ಸಮೇತ. ಈ ಸಲ ಡಾಕ್ಟರು ಮೂತ್ರದ ಕಲ್ಚರ್ ಪರೀಕ್ಷೆ ಬರೆದರು. ಎರಡು ದಿನ ಕಾದು ತಂದ ರಿಪೋರ್ಟಿನಲ್ಲಿ ಔಷಧಗಳ ಹೆಸರು ಸಾಲಾಗಿ, ಎದುರಿಗೆ ಆರ್, ಆರ್, ಆರ್, ಅಂದರೆ ಬಗ್ಗುವುದಿಲ್ಲ. ಕೊನೆಗೆ ಎಸ್, ಅಂದರೆ ಬಗ್ಗುತ್ತದೆ, ಎಂದದ್ದು ನೈಟ್ರೋಫ್ಯುರಂಟಾಯಿನ್ ಎದುರಿಗೆ, ನಮ್ಮಪ್ಪನ ಕಾಲದ ಔಷಧ.

‘ಹಿಂದೆ ಏನಾದ್ರೂ ತಗೊಂಡಿದ್ರಾ?’ ಎಂದರು ಡಾಕ್ಟರು.

‘ಎರಡೇ ಎರಡು’ ಎಂದೆ, ಮಿತಾಹಾರಿಯ ವಿನಯದಲ್ಲಿ.

ಮಿಕ್ಕೆರಡನ್ನು ಎಸೆದುಬಿಡೋಣವೆಂದು ಮನೆಗೆ ಬಂದು ಡಬ್ಬಿ ತೆಗೆದರೆ ಖಾಲಿ. ಪಕ್ಕದ ಮನೆಯವರಿಗೆ ಗಂಟಲು ಕೆರೆತವಂತೆ; ಹೆಂಡತಿ ಧಾರಾಳಿ.