ಬ್ಯಾಂಕಾಕಿನಲ್ಲಿ ಹನುಮಪ್ಪ

ಬ್ಯಾಂಕಾಕ್ ಅಂದಕೂಡಲೇ ನಮ್ಮ ಕಡೆ ಗಂಡಸರು ಕಣ್ಣು ಮಿಟುಕಿಸುತ್ತಾರೆ. ಹೆಂಡತಿ ಜೊತೆ ಹೋಗಿ ನೋಡಿ, ಊರ ತುಂಬ ಬರೀ ದೇವಸ್ಥಾನ! ಸುವರ್ಣಭೂಮಿ ವಿಮಾನ ನಿಲ್ದಾಣದಲ್ಲೇ ಸಮುದ್ರಮಥನದ ದೊಡ್ಡ ಶಿಲ್ಪ. ನನ್ನವಳು ಅಲ್ಲೇ ಕೈಮುಗಿದಳು.

ಅಲ್ಲಿಯ ರಾಜರ ಅರಮನೆಯೊಳಗೆ ಭುಜ, ಮೊಣಕಾಲು ಕಾಣುವಂತಿಲ್ಲ. ಚಡ್ಡಿಯಲ್ಲಿ ಬಂದ ಬಿಳಿಯರು ಹೊರಗೆ ಆನೆ ಚಿತ್ರದ ಪೈಜಾಮಕ್ಕೆ ಚೌಕಾಶಿ ಮಾಡುತ್ತಿದ್ದರೆ, ಇವಳು ಸೀರೆಯ ಸೆರಗು ಹೊದ್ದು ಮಹಾರಾಣಿಯ ಹಾಗೆ ಒಳನಡೆದಳು.

ಒಳಗೆ ಪಚ್ಚೆ ಬುದ್ಧನ ಗುಡಿಯ ಸುತ್ತಿನ ಗೋಡೆಗಳ ಮೇಲೆ ಅವರ ರಾಮಾಯಣ, ರಾಮಕಿಯೆನ್. ಅದರ ಹನುಮಂತ ಬ್ರಹ್ಮಚಾರಿಯಲ್ಲ! ರಾವಣನ ಮಗಳು, ಮತ್ಸ್ಯಕನ್ಯೆ ಸುವಣ್ಣಮಚ್ಚಾಳಿಗೆ ಮನಸೋತವನು. ಒಬ್ಬ ಮಗನೂ ಉಂಟು. ಶನಿವಾರ ತಪ್ಪದೆ ಹನುಮಪ್ಪನ ಗುಡಿಗೆ ಹೋಗುವ ನನ್ನವಳು, ಈ ಕಥೆ ಹೇಳಿದ ಗೈಡನ್ನು ದುರುಗುಟ್ಟಿ ನೋಡಿ, "ರೀ, ಈ ಊರ ಗಾಳಿಯೇ ಸರಿಯಿಲ್ಲ, ನನ್ನ ಪಕ್ಕದಲ್ಲೇ ಇರಿ" ಅಂದಳು.

ವಾಟ್ ಫೋ ಎಂಬ ಗುಡಿಯಲ್ಲಿ 46 ಮೀಟರ್ ಉದ್ದದ ಬುದ್ಧ ಹಾಯಾಗಿ ಮಲಗಿದ್ದಾನೆ. ಪಕ್ಕದಲ್ಲಿ 108 ಕಂಚಿನ ಬಟ್ಟಲು. ಇವಳು ಒಂದನ್ನೂ ಬಿಡದೆ ಟಣ್ ಟಣ್ ಕಾಸು ಹಾಕುತ್ತ ಹೋದಳು. ಹಿಂದೆ ನಾನು ಕ್ಯಾಷಿಯರ್.

ಊಟದ ಪಾಡು ಕೇಳಬೇಡಿ. ಸೊಪ್ಪಿನ ಪಲ್ಯಕ್ಕೂ ಮೀನಿನ ಸಾಸು! ಕೊನೆಗೆ ಮಾವಿನಹಣ್ಣು, ತೆಂಗಿನಹಾಲಿನ ಅಂಟನ್ನವೇ ಗತಿ. ತಟ್ಟೆ ಬಳಿದು ತಿಂದು ಇವಳು ತೀರ್ಪು ಕೊಟ್ಟಳು: "ಒಂದು ಚೂರು ಏಲಕ್ಕಿ ಹಾಕಿದ್ರೆ ಇವರ ಗಂಟೇನು ಹೋಗ್ತಿತ್ತು?"