ಕೊನೆಯ ಬೋಂಡದ ಮೀಮಾಂಸೆ: ಸಂಯಮದ ನರಶಾಸ್ತ್ರಕ್ಕೊಂದು ಪೀಠಿಕೆ

ನಾಲ್ಕು ಜನ ನೆಂಟರ ಮುಂದೆ ಹನ್ನೆರಡು ಆಲೂಗಡ್ಡೆ ಬೋಂಡ ಇಟ್ಟರೆ ಹನ್ನೊಂದು ಖರ್ಚಾಗಿ ಒಂದು ಉಳಿಯುತ್ತದೆ ಎಂಬುದು ಸರ್ವವಿದಿತ. ಸರ್ವವಿದಿತವಾದುದಕ್ಕೆ ಕಾರಣ ಹುಡುಕುವ ಗೋಜಿಗೆ ಪಂಡಿತರು ಹೋಗುವುದಿಲ್ಲ. ‘ಸಂಕೋಚ’ ಎಂದು ಹೇಳಿ ಕೈತೊಳೆದುಕೊಳ್ಳುತ್ತಾರೆ. ಪ್ರಸ್ತುತ ಪ್ರಬಂಧದ ಪ್ರತಿಜ್ಞೆ ಬೇರೆಯೇ ಇದೆ. ಆ ಬೋಂಡ ತಾನಾಗಿ ಉಳಿದದ್ದಲ್ಲ, ನಾಲ್ಕು ಮಿದುಳುಗಳು ಏಕಕಾಲಕ್ಕೆ ದುಡಿದು ಉಳಿಸಿದ್ದು. ತಿಂದ ಹನ್ನೊಂದು ಬೋಂಡಗಳ ಹಿಂದೆ ಇರುವುದು ಬರೀ ಹಸಿವು. ತಿನ್ನದ ಹನ್ನೆರಡನೆಯದರ ಹಿಂದೆ ಇಡೀ ನರಮಂಡಲವಿದೆ. ಇದನ್ನು ಪ್ರಮಾಣಸಹಿತ ಸ್ಥಾಪಿಸಿ, ಆಕ್ಷೇಪಗಳಿಗೆ ಸಮಾಧಾನ ಹೇಳಿ, ಬೋಂಡ ಆರುವ ಮೊದಲೇ ಮುಗಿಸುವುದು ನಮ್ಮ ಉದ್ದೇಶ.

ಸುಮ್ಮನಿರುವುದಕ್ಕೆ ಶ್ರಮವೇಕೆ ಎಂಬ ಲೋಕರೂಢಿಯನ್ನು ಮೊದಲು ಖಂಡಿಸಬೇಕು. ರಷ್ಯದ ಶರೀರಶಾಸ್ತ್ರಜ್ಞ ಇವಾನ್ ಸೆಚೆನೊವ್ ಕಪ್ಪೆಯ ಮಿದುಳಿನ ಥಲಾಮಸ್ ಭಾಗದ ಮೇಲೆ ಉಪ್ಪಿನ ಹರಳಿಟ್ಟಾಗ, ಆಮ್ಲದಲ್ಲಿ ಅದ್ದಿದ ಕಾಲನ್ನು ಕಪ್ಪೆ ಎಂದಿನಷ್ಟು ಬೇಗ ಎಳೆದುಕೊಳ್ಳಲಿಲ್ಲ. ಮಿದುಳು ಚಲನೆಯನ್ನು ಹುಟ್ಟಿಸುವಂತೆಯೇ ತಡೆಯಲೂ ಬಲ್ಲದು ಎಂದು 1863ರಲ್ಲಿ ಆತ ಸಾರಿದ. ಆಮೇಲೆ ತಿಳಿದದ್ದು ಇನ್ನೂ ಸೋಜಿಗದ್ದು. ಮಿದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ ಎಂಬ ನರಕೋಶಗಳ ಗುಂಪು, ನಾವು ತೆಪ್ಪಗೆ ಕುಳಿತಾಗಲೂ ಎಡೆಬಿಡದೆ ಥಲಾಮಸ್‌ಗೆ ‘ಬೇಡ, ಬೇಡ’ ಎನ್ನುತ್ತಲೇ ಇರುತ್ತದೆ. ಆ ಬೇಡ ಸಡಿಲವಾದಾಗಲೇ ಕೈ ಏಳುವುದು. ಅದರಲ್ಲೇ ಸೇರಿದ ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಎಂಬ ಪುಟ್ಟ ಭಾಗ ಒಂದು ಪಕ್ಕ ಕೆಟ್ಟರೆ ದೇಹದ ಇನ್ನೊಂದು ಪಕ್ಕದ ಕೈಕಾಲು ತಾವಾಗಿ ಬೀಸಾಡತೊಡಗುತ್ತವೆ. ಫ್ರಾನ್ಸಿನ ನರವೈದ್ಯ ಫ್ರಾನ್ಸ್ವಾ ಲೆರ್ಮಿತ್ 1983ರಲ್ಲಿ ಮಿದುಳಿನ ಮುಂಭಾಗಕ್ಕೆ ಪೆಟ್ಟಾದ ರೋಗಿಗಳನ್ನು ವರ್ಣಿಸಿದ. ಎದುರಿಗೆ ಕನ್ನಡಕ ಇಟ್ಟರೆ ಯಾರೂ ಹೇಳದೆಯೇ ಹಾಕಿಕೊಳ್ಳುವರು. ಇನ್ನೊಂದು ಇಟ್ಟರೆ ಅದರ ಮೇಲೆಯೇ ಅದನ್ನೂ ಏರಿಸುವರು. ಇಂಥವರ ಮುಂದೆ ಬೋಂಡದ ತಟ್ಟೆ ಇಟ್ಟರೆ ಏನಾದೀತೆಂದು ವಿವರಿಸಬೇಕಿಲ್ಲ. ಕಂಡದ್ದಕ್ಕೆಲ್ಲ ಕೈಹಾಕುವುದು ಮಿದುಳಿನ ಹುಟ್ಟುಗುಣ, ಹಾಕದಿರುವುದೇ ಅದರ ಸಾಧನೆ ಎಂದು ಇದರಿಂದ ಸಿದ್ಧ.

ಇನ್ನು ಈ ಸಾಧನೆಯ ಗಣಿತ. ಗಾರ್ಡನ್ ಲೋಗನ್ ಮತ್ತು ವಿಲಿಯಂ ಕೋವನ್ 1984ರಲ್ಲಿ ಒಂದು ಓಟದ ಸಿದ್ಧಾಂತ ಮಂಡಿಸಿದರು. ತೆರೆಯ ಮೇಲೆ ಗುರುತು ಕಂಡ ಕೂಡಲೇ ಗುಂಡಿ ಒತ್ತಬೇಕು. ಆದರೆ ಆಗೊಮ್ಮೆ ಈಗೊಮ್ಮೆ, ಗುರುತು ಕಂಡ ಮೇಲೆ ಸದ್ದೊಂದು ಕೇಳಿದರೆ ಒತ್ತಬಾರದು. ಆಗ ತಲೆಯೊಳಗೆ ‘ಮಾಡು’ ಮತ್ತು ‘ನಿಲ್ಲು’ ಎರಡೂ ಓಡುತ್ತವೆ, ಮೊದಲು ಮುಟ್ಟಿದ್ದು ಗೆಲ್ಲುತ್ತದೆ. ಸದ್ದು ತಡವಾದಷ್ಟೂ ನಿಲ್ಲಿಸುವುದು ಕಷ್ಟ. ಆರೋಗ್ಯವಂತ ಯುವಕರಲ್ಲಿ ನಿಲ್ಲಿಸಲು ಹಿಡಿಯುವ ಕಾಲ ಹೆಚ್ಚುಕಡಿಮೆ 200ರಿಂದ 250 ಮಿಲಿಸೆಕೆಂಡು. ಗುಂಡಿ ಒತ್ತದೇ ಇದ್ದುದನ್ನು ಗಡಿಯಾರ ಅಳೆಯಲಾರದು, ಆದ್ದರಿಂದ ಈ ಕಾಲವನ್ನು ಲೆಕ್ಕ ಹಾಕಿಯೇ ತೆಗೆಯಬೇಕು. ಆಗದ ಕೆಲಸಕ್ಕೆ ಲೆಕ್ಕ ತೋರಿಸುವ ವಿದ್ಯೆ ಅದುವರೆಗೆ ಗುತ್ತಿಗೆದಾರರಿಗೆ ಮಾತ್ರ ಸಿದ್ಧಿಸಿತ್ತು. ಸಿದ್ಧಾಂತವನ್ನು ಪ್ರಕೃತಕ್ಕೆ ಅನ್ವಯಿಸೋಣ. ಮನೆಯೊಡತಿ ಕಾಫಿಯ ತಟ್ಟೆ ಹಿಡಿದು ಅಡುಗೆಮನೆಯಿಂದ ಹೊರಬರುವುದೇ ‘ನಿಲ್ಲು’ ಸಂಕೇತ. ಆ ಹೊತ್ತಿಗೆ ನೆಂಟನ ಕೈ ಇನ್ನೂ ಮಂಡಿಯ ಮೇಲಿದ್ದರೆ ಬೋಂಡ ಬದುಕಿತು. ಬೆರಳಿಗೆ ಎಣ್ಣೆ ತಾಗಿದ್ದರೆ ಓಟ ಮುಗಿದಂತೆ. ಆಮೇಲೆ ‘ಬಹಳ ಚೆನ್ನಾಗಿತ್ತು ಕಣಮ್ಮ, ಅದಕ್ಕೇ’ ಎನ್ನುವುದೊಂದೇ ದಾರಿ.

ಸೂಕ್ಷ್ಮದೃಷ್ಟಿಯುಳ್ಳವರಿಗೆ ಮೂರನೆಯ ಸ್ಥಿತಿಯೊಂದೂ ಕಾಣುತ್ತದೆ. ಹೊರಟ ಕೈ ನಡುದಾರಿಯಲ್ಲಿ ತಿರುಗಿ ಚಟ್ನಿಯ ಚಮಚವನ್ನು ಸರಿಪಡಿಸುತ್ತದೆ, ಇಲ್ಲವೇ ತುಂಬಿದ ನೀರಿನ ಲೋಟವನ್ನು ಅರ್ಧ ಅಂಗುಲ ಆಚೆ ಸರಿಸುತ್ತದೆ. ಇದು ಕಪಟವಲ್ಲ. ಪ್ರಯೋಗಶಾಲೆಯಲ್ಲಿ ಗುಂಡಿ ಒತ್ತದೆ ಗೆದ್ದವರ ಸ್ನಾಯುಗಳಲ್ಲೂ ಎಷ್ಟೋ ಸಲ ಅರ್ಧಕ್ಕೇ ಆರಿದ ವಿದ್ಯುತ್ ಸಂಚಾರ ಸಿಗುತ್ತದೆ. ಇನ್ನೊಂದು ಪ್ರಮಾಣ: ತಟ್ಟನೆ ನಿಲ್ಲಿಸುವಾಗ ಮಿದುಳು ಬೇಕಾದ ಅಂಗವನ್ನಷ್ಟೇ ಹಿಡಿಯದೆ ಉಳಿದವಕ್ಕೂ ಲಗಾಮು ಹಾಕುತ್ತದೆ; ಮಾತನ್ನು ತಡೆದಾಗ ಕೈಯ ನರಮಾರ್ಗವೂ ಮಂಕಾಗುವುದು ಪರೀಕ್ಷೆಗಳಲ್ಲಿ ಕಂಡಿದೆ. ಒಂದೇ ಬೋಂಡ ಉಳಿದ ಗಳಿಗೆಯಲ್ಲಿ ರಾಜಕೀಯದ ಬಿಸಿಬಿಸಿ ಚರ್ಚೆ ಇದ್ದಕ್ಕಿದ್ದಂತೆ ನಿಂತು, ನಾಲ್ವರೂ ‘ಮತ್ತೇನು ಸಮಾಚಾರ?’ ಎನ್ನುವುದಕ್ಕೆ ಇದಕ್ಕಿಂತ ಸಮರ್ಪಕವಾದ ವಿವರಣೆ ಬೇರೆ ಬೇಕೇ?

ಇಲ್ಲಿ ಪೂರ್ವಪಕ್ಷದವರು ಏಳುತ್ತಾರೆ. ಹೊಟ್ಟೆ ತುಂಬಿದ್ದರಿಂದ ಬಿಟ್ಟರು, ಇದರಲ್ಲಿ ಮಿದುಳಿನದೇನು ಎಂಬುದು ಮೊದಲ ಆಕ್ಷೇಪ. ಹೊಟ್ಟೆ ತುಂಬಿದವರು ತಟ್ಟೆಯ ಕಡೆ ನೋಡುವುದಿಲ್ಲ. ಇವರೋ ತಟ್ಟೆಯೊಂದನ್ನು ಬಿಟ್ಟು ಇಡೀ ಕೋಣೆಯನ್ನು ಪ್ರಯತ್ನಪೂರ್ವಕ ನೋಡುತ್ತಿರುತ್ತಾರೆ. ಎರಡನೆಯದು: ಮಿಠಾಯಿ ಮುಂದಿಟ್ಟುಕೊಂಡು ಕಾಯ್ದ ಮಕ್ಕಳ ಮೇಲೆ ವಾಲ್ಟರ್ ಮಿಶೆಲ್ ನಡೆಸಿದ ಹೆಸರಾಂತ ಪ್ರಯೋಗ ಇದನ್ನು ಆಗಲೇ ಹೇಳಿಲ್ಲವೇ? ಇಲ್ಲ. ಆ ಮಕ್ಕಳಿಗೆ ಕಾಯ್ದರೆ ಎರಡನೆಯದು ಸಿಗುವ ಭರವಸೆ ಇತ್ತು. ಕಾಯ್ದ ಮಕ್ಕಳೇ ಮುಂದೆ ಜಾಣರಾಗುತ್ತಾರೆ ಎಂಬ ನಂಬಿಕೆಯೂ, ಮನೆಯ ಸ್ಥಿತಿಗತಿಯನ್ನು ಲೆಕ್ಕಕ್ಕೆ ಹಿಡಿದ 2018ರ ಮರುಪರೀಕ್ಷೆಯಲ್ಲಿ ಬಹುಪಾಲು ಕರಗಿತು. ನಮ್ಮ ನೆಂಟರಿಗಾದರೋ ಎರಡನೆಯದರ ಆಸೆಯಿಲ್ಲ, ಇದ್ದೊಂದೂ ಕೈತಪ್ಪುವ ಖಾತರಿ ಮಾತ್ರ ಇದೆ. ಆದ್ದರಿಂದ ಇದು ನಿಷ್ಕಾಮ ಕರ್ಮ. ಮೂರನೆಯ ಆಕ್ಷೇಪ ಸೋಮಾರಿಗಳ ಸಂಘದ್ದು: ಮಾಡದಿರುವುದೇ ಹಿರಿದಾದರೆ ದಿನವಿಡೀ ಮಂಚ ಬಿಟ್ಟೇಳದ ನಮಗೆ ಪ್ರಶಸ್ತಿ ಎಲ್ಲಿ? ಸಿಗುವುದಿಲ್ಲ. ಓಟ ಎಂದ ಮೇಲೆ ‘ಮಾಡು’ ಕೂಡ ಹೊರಟಿರಬೇಕು. ಏಳುವ ಮನಸ್ಸೇ ಇಲ್ಲದವನು ಏನನ್ನೂ ತಡೆದಿಲ್ಲ; ಬೋಂಡ ಇಷ್ಟವಿಲ್ಲದವನ ತ್ಯಾಗ ತ್ಯಾಗವಲ್ಲ.

ಹೀಗಾಗಿ ನಿರ್ಣಯವೂ ಆಸೆಯನ್ನೇ ಆಧರಿಸಿದೆ. ಬೋಂಡ ಆರಿ ಮೆತ್ತಗಾದ ಮೇಲೆ ಆಸೆ ಇಳಿಯುತ್ತದೆ. ಆಸೆ ಇಳಿದ ಮೇಲೆ ಕೈ ಚಾಚದಿರುವುದರಲ್ಲಿ ಹೆಚ್ಚುಗಾರಿಕೆಯಿಲ್ಲ. ಸಂಯಮಕ್ಕೆ ಬೆಲೆ ಇರುವುದು ಬಿಸಿ ಇರುವಷ್ಟು ಹೊತ್ತು ಮಾತ್ರ. ಆದುದರಿಂದ ಆತಿಥೇಯರಲ್ಲಿ ನಮ್ಮ ವಿನಂತಿ: ‘ಯಾರಾದರೂ ತಗೊಳ್ಳಿ’ ಎಂದು ಗಾಳಿಗೆ ಹೇಳಬೇಡಿ, ಅದು ನಾಲ್ಕೂ ಮಿದುಳುಗಳಿಗೆ ನಿಲ್ಲಿಸುವ ಸಂಕೇತವೇ. ಒಬ್ಬರನ್ನು ಗುರಿಯಿಟ್ಟು, ‘ಮೇಷ್ಟ್ರೇ, ಇದೊಂದನ್ನು ಮುಗಿಸಿಬಿಡಿ’ ಎಂದು ಅವರ ತಟ್ಟೆಗೇ ಹಾಕಿ. ಮೇಷ್ಟ್ರು ಬೇಡ ಎನ್ನುತ್ತಾರೆ; ಹಾಕಿ.