ಸುಸ್ತುಮೀಮಾಂಸೆ: ಮಲಗಿ ದಣಿಯುವವರ ಕುರಿತ ಒಂದು ಶಾಸ್ತ್ರೀಯ ವಿವೇಚನೆ

ಮಲಗಿದವನಿಗೆ ದಣಿವಾಗಬಾರದು ಎಂಬ ಕಟ್ಟಳೆಯನ್ನು ಯಾರು, ಯಾವ ಆಧಾರದ ಮೇಲೆ ಮಾಡಿದರು ಎಂದು ನಮ್ಮ ವಿದ್ವತ್ ವಲಯ ಇನ್ನೂ ಕೇಳಿಕೊಂಡಂತಿಲ್ಲ. ಪ್ರಸ್ತುತ ಪ್ರಬಂಧಕಾರನು ದಿನಕ್ಕೆ ಹತ್ತು ಗಂಟೆಯಂತೆ, ಭಾನುವಾರಗಳಲ್ಲಿ ಹನ್ನೆರಡರಂತೆ, ಮೈಸೂರಿನ ಬಾಡಿಗೆ ಮನೆಯೊಂದರಲ್ಲಿ ಹಲವು ವರ್ಷ ಈ ವಿಷಯದ ಆಳಕ್ಕೆ ಇಳಿದಿದ್ದಾನೆ. ಪ್ರತಿ ಬೆಳಗ್ಗೆಯೂ ಇಳಿದಾಗಿನದಕ್ಕಿಂತ ಹೆಚ್ಚು ಬಳಲಿ ಮೇಲೆ ಬಂದಿದ್ದಾನೆ. ಆ ಅನುಭವದ ಬಲದಿಂದ ಇಲ್ಲಿ ಮಂಡಿಸುತ್ತಿರುವ ಸಿದ್ಧಾಂತ ಇಷ್ಟೇ: ನಿದ್ದೆ ವಿಶ್ರಾಂತಿಯಲ್ಲ, ದುಡಿಮೆ. ಹತ್ತು ಗಂಟೆ ಮಲಗಿದವನೆಂದರೆ ಹತ್ತು ಗಂಟೆ ಗೇಯ್ದವನು. ಅವನು ಸುಸ್ತಾಗಿ ಏಳುವುದು ಸಹಜ. ಏಳದಿರುವುದು ಇನ್ನೂ ಸಹಜ.

ಶಾಸ್ತ್ರಮರ್ಯಾದೆಯಂತೆ ಮೊದಲು ಪೂರ್ವಪಕ್ಷ. ಅದನ್ನು ಹಿಡಿದು ವಾದಿಸಿದವರಲ್ಲಿ ನಮ್ಮ ತಾಯಿಯವರೇ ಪ್ರಮುಖರು. "ಅಲ್ವೋ, ಇಷ್ಟೊತ್ತು ಬಿದ್ಕೊಂಡಿದ್ದು ಸುಸ್ತು ಅಂತೀಯಲ್ಲ, ಮಲಗಿ ಮಲಗೀನೇ ನಿಂಗೆ ಸುಸ್ತಾಗಿರೋದು" ಎಂಬುದು ಅವರ ನಿಲುವು. ಮೇಲ್ನೋಟಕ್ಕೆ ಇದು ಬೈಗುಳ. ಒಳಹೊಕ್ಕು ನೋಡಿದರೆ ನಮ್ಮ ಸಿದ್ಧಾಂತವನ್ನೇ ಅವರು ಇಪ್ಪತ್ತು ವರ್ಷ ಮೊದಲು ಅಡುಗೆಮನೆಯಿಂದ ಘೋಷಿಸಿದ್ದಾರೆ. ಸುಸ್ತಾಗಲು ಮಲಗಿದ್ದೇ ಕಾರಣ ಎಂದಮೇಲೆ ಮಲಗುವುದು ಶ್ರಮವಾಯಿತಲ್ಲ! ತಾವು ಹೇಳಿದ್ದೇನೆಂದು ಅವರಿಗೇ ತಿಳಿದಿರಲಿಲ್ಲ, ಆ ಮಾತು ಬೇರೆ.

ಇನ್ನು ಭಾಷೆಯ ಸಾಕ್ಷ್ಯ. ಕನ್ನಡಿಗನು ವಿಶ್ರಾಂತಿಯನ್ನು 'ತೆಗೆದುಕೊಳ್ಳುತ್ತಾನೆ', ನಿದ್ದೆಯನ್ನು 'ಮಾಡುತ್ತಾನೆ'. ಅಡುಗೆ ಮಾಡಿದ ಹಾಗೆ, ಬೇಸಾಯ ಮಾಡಿದ ಹಾಗೆ, ಸಾಲ ಮಾಡಿದ ಹಾಗೆ. ಗಾಢವಾದ ನಿದ್ದೆಯಾದರಂತೂ ಅದನ್ನು 'ಹೊಡೆಯುತ್ತಾನೆ'. ಗೊರಕೆಯನ್ನು ಹೊಡೆಯುವುದಲ್ಲದೆ ಬೇರೇನೂ ಮಾಡಲು ಬರುವುದಿಲ್ಲ. ನಮ್ಮಲ್ಲಿ ನೇಗಿಲು ಹೊಡೆಯುತ್ತಾರೆ, ಗಾಡಿ ಹೊಡೆಯುತ್ತಾರೆ, ಗೋಡೆಗೆ ಸುಣ್ಣ ಹೊಡೆಯುತ್ತಾರೆ, ಬೆಳೆಗೆ ಔಷಧ ಹೊಡೆಯುತ್ತಾರೆ. ಬೆವರಿಲ್ಲದ ಕಡೆ ಈ ಕ್ರಿಯಾಪದ ಸುಳಿಯುವುದೇ ಇಲ್ಲ. ಹರಟೆ ಹೊಡೆಯುವುದನ್ನು ಅಪವಾದವಾಗಿ ಎತ್ತಿ ತೋರಿಸುವವರು ಒಂದು ಮಧ್ಯಾಹ್ನ ನಮ್ಮ ಕಾಲೇಜಿನ ಸ್ಟಾಫ್ ರೂಮಿಗೆ ಬಂದು ಕೂರಬೇಕು. ಅಲ್ಲಿಂದ ಯಾರೂ ದಣಿಯದೆ ಎದ್ದದ್ದನ್ನು ನಾನು ಕಂಡಿಲ್ಲ.

'ಸುಸ್ತು' ಎಂಬ ಮಾತಿನ ಚರಿತ್ರೆ ಇದಕ್ಕಿಂತ ರೋಚಕ. ಅದು ಪಾರಸಿಯಿಂದ ಬಂದದ್ದು. ತವರಿನಲ್ಲಿ ಅದಕ್ಕೆ ಸಡಿಲ, ಜಡ, ಆಲಸಿ ಎಂಬ ಅರ್ಥ. ಹಿಂದಿಯಲ್ಲಿ ಇಂದಿಗೂ ಸುಸ್ತ್ ಎಂದರೆ ಸೋಮಾರಿಯೇ. ಅದೇ ಮಾತು ಕನ್ನಡದ ಹೊಸ್ತಿಲು ದಾಟಿದ್ದೇ ತಡ, ಸೋಮಾರಿತನ ಕಳಚಿ ಬಿದ್ದು ದಣಿವಾಯಿತು. ದಿಲ್ಲಿಯಲ್ಲಿ ಒಬ್ಬ ತಾನು ಸುಸ್ತ್ ಎಂದರೆ ಅದು ತಪ್ಪೊಪ್ಪಿಗೆ. ಮಂಡ್ಯದಲ್ಲಿ ಸುಸ್ತು ಎಂದರೆ ಒಂದು ಲೋಟ ಮಜ್ಜಿಗೆ. ಒಂದು ಅವಗುಣವನ್ನು ಇಷ್ಟು ಸಲೀಸಾಗಿ ಕಾಯಿಲೆಯ ಪಂಕ್ತಿಗೆ ಏರಿಸಿದ ಭಾಷೆ ಇನ್ನೊಂದಿದ್ದರೆ ತಿಳಿದವರು ತೋರಿಸಲಿ. ಇದೇ ದಾರಿ ಹಿಡಿದು ಬಂದ ಇನ್ನೊಬ್ಬ ನೆಂಟ ಪುರುಸೊತ್ತು. ಇವರಿಬ್ಬರೂ ಸಾಮಾನ್ಯವಾಗಿ ಒಂದೇ ಮನೆಯಲ್ಲಿ ಇಳಿದುಕೊಳ್ಳುತ್ತಾರೆ: ಪುರುಸೊತ್ತು ಇದ್ದವನಿಗೇ ಸುಸ್ತು ಹೆಚ್ಚು. ಸುಸ್ತಾಗುವುದಕ್ಕೂ ಪುರುಸೊತ್ತಿಲ್ಲದವರ ವರ್ಗವೊಂದಿದೆ. ಅದು ಈ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ.

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆಯನ್ನು ವಿರೋಧಿಗಳು ಪದೇ ಪದೇ ಉಲ್ಲೇಖಿಸುತ್ತಾರೆ. ಗಾದೆ ಅವನು ಮಲಗಿದ್ದನ್ನು ಹೇಳುತ್ತದೆ. ಎದ್ದಾಗ ಹೇಗಿದ್ದ, ಕೈಚೀಲ ಇತ್ತೇ ಎಂಬುದನ್ನು ಹೇಳುವುದಿಲ್ಲ. ಅರ್ಧ ದಾಖಲೆಯನ್ನು ಪೂರ್ತಿ ಪ್ರಮಾಣವೆಂದು ಒಪ್ಪಲಾಗದು.

ಪುರಾಣಗಳತ್ತ ಬಂದರೆ ನಮ್ಮ ಪಕ್ಷ ಗಟ್ಟಿಯಾಗುತ್ತದೆ. ಕುಂಭಕರ್ಣನಿಗೆ ಆರು ತಿಂಗಳು ನಿದ್ದೆ, ಒಂದು ದಿನ ಎಚ್ಚರ. ನಿದ್ದೆ ವಿಶ್ರಾಂತಿಯೇ ಆಗಿದ್ದರೆ ಮೂರು ಲೋಕಗಳಲ್ಲಿ ಅವನಷ್ಟು ಲವಲವಿಕೆಯ ಮನುಷ್ಯ (ರಾಕ್ಷಸ ಎಂದು ತಿದ್ದಿ ಓದಬೇಕು) ಇನ್ನೊಬ್ಬ ಇರಬಾರದಿತ್ತು. ಆದದ್ದೇನು? ಭೇರಿ ಬಾರಿಸಿದರು, ಶಂಖ ಊದಿದರು, ಮೈಮೇಲೆ ಆನೆಗಳನ್ನು ಓಡಿಸಿದರು. ಎದ್ದವನು ಆಕಳಿಸಿದ. ಆರು ತಿಂಗಳ ನಿದ್ದೆಯ ನಂತರ ಆಕಳಿಕೆ! ಈ ಒಂದು ಆಕಳಿಕೆಯ ಮೇಲೆ ನಾನು ಪಿಎಚ್.ಡಿ. ಮಾಡಬೇಕೆಂದಿದ್ದೆ, ಮಾರ್ಗದರ್ಶಕರು ಒಪ್ಪಲಿಲ್ಲ.

ಮುಚುಕುಂದನ ಪ್ರಕರಣ ಇನ್ನೂ ಮನೆಗೆ ಹತ್ತಿರವಾದದ್ದು. ದೇವತೆಗಳ ಪರವಾಗಿ ಬಹುಕಾಲ ಕಾದಾಡಿ ಬಳಲಿದ ಈ ರಾಜ ವರವಾಗಿ ಕೇಳಿದ್ದು ನಿದ್ದೆಯನ್ನು. ಗುಹೆಯೊಂದರಲ್ಲಿ ಯುಗಗಟ್ಟಲೆ ಮಲಗಿದ. ಕೃಷ್ಣನನ್ನು ಅಟ್ಟಿಸಿಕೊಂಡು ಬಂದ ಕಾಲಯವನ, ಮಲಗಿದವನೇ ಕೃಷ್ಣನೆಂದು ಭಾವಿಸಿ ಒದ್ದ. ರಾಜ ಕಣ್ಣು ಬಿಟ್ಟು ನೋಡಿದ; ಒದ್ದವನು ಸುಟ್ಟು ಬೂದಿಯಾದ. ಯುಗಗಟ್ಟಲೆ ಮಲಗಿದವನ ಮೊದಲ ನೋಟವೇ ಹೀಗಿದ್ದ ಮೇಲೆ, ಬೆಳಗ್ಗೆ ಏಳಕ್ಕೆ ಚಾದರ ಎಳೆದವರನ್ನು ನಾನು ಬರೀ ದುರುಗುಟ್ಟಿ ನೋಡುವುದು ಸೌಜನ್ಯವೆಂದೇ ಗಣನೆಯಾಗಬೇಕು. ಮುಂದಿನ ಕಥೆಯನ್ನು ಹೆಚ್ಚಿನವರು ಗಮನಿಸುವುದಿಲ್ಲ. ಗುಹೆಯಿಂದ ಹೊರಬಂದ ಮುಚುಕುಂದ ಜನ, ಪ್ರಾಣಿ, ಗಿಡಮರಗಳೆಲ್ಲ ಕುಗ್ಗಿಹೋಗಿರುವುದನ್ನು ಕಂಡು, ಕಲಿಕಾಲ ಬಂತೆಂದು ಬಗೆದು ಬದರಿಯತ್ತ ತಪಸ್ಸಿಗೆ ಹೊರಟುಬಿಟ್ಟ. ರಾಜ್ಯಕ್ಕೆ ಮರಳಲಿಲ್ಲ, ಕೆಲಸಕ್ಕೆ ಹಾಜರಾಗಲಿಲ್ಲ. ಎದ್ದ ಮೇಲೂ ಕಣ್ಣು ಮುಚ್ಚಿ ಕೂರುವ ಏರ್ಪಾಟನ್ನೇ ಮಾಡಿಕೊಂಡ.

ದರ್ಶನಕಾರರು ನಮ್ಮ ಪಕ್ಷವನ್ನು ಇನ್ನೂ ನೇರವಾಗಿ ಒಪ್ಪಿದ್ದಾರೆ. ಪತಂಜಲಿ ಚಿತ್ತದ ವೃತ್ತಿಗಳು ಐದು ಎಂದು ಎಣಿಸುವಾಗ ಪ್ರಮಾಣ, ವಿಪರ್ಯಯ, ವಿಕಲ್ಪ, ಸ್ಮೃತಿಗಳ ಜೊತೆಗೆ ನಿದ್ರೆಯನ್ನೂ ಸೇರಿಸಿದ್ದಾನೆ. ನಿದ್ರೆ ಒಂದು ವೃತ್ತಿ! ಇಲ್ಲಿ ವೃತ್ತಿ ಎಂದರೆ ಕಸುಬಲ್ಲ, ಮನಸ್ಸಿನ ವ್ಯಾಪಾರ ಎಂದು ನಮ್ಮ ಸಂಸ್ಕೃತ ವಿಭಾಗದವರು ಆಕ್ಷೇಪಿಸಿದರು. ವ್ಯಾಪಾರವೂ ಒಂದು ಕಸುಬೇ ಎಂದು ಉತ್ತರಿಸಿದ್ದೇನೆ. ವೇದಾಂತಿಗಳ ಬಗ್ಗೆ ಮಾತ್ರ ನನಗೆ ತಕರಾರಿದೆ. ಗಾಢನಿದ್ದೆಯಲ್ಲಿ ಆನಂದವಿದೆ ಎನ್ನಲು ಅವರು ಕೊಡುವ ಸಾಕ್ಷಿ, ಎದ್ದವನು ತಾನು ಸುಖವಾಗಿ ಮಲಗಿದ್ದೆ, ಏನೂ ತಿಳಿಯಲಿಲ್ಲ ಎಂದು ಹೇಳುತ್ತಾನೆ ಎಂಬುದು. ಯಾರನ್ನು ಕೇಳಿದರೋ! ನನ್ನನ್ನು ಕೇಳಿದ್ದರೆ ಎರಡನೆಯ ಅರ್ಧವನ್ನಷ್ಟೇ ಅನುಮೋದಿಸುತ್ತಿದ್ದೆ.

ಚರಕಸಂಹಿತೆ ಆಹಾರ ಮತ್ತು ಬ್ರಹ್ಮಚರ್ಯಗಳ ಜೊತೆ ನಿದ್ರೆಯನ್ನು ದೇಹದ ಮೂರು ಊರೆಗೋಲುಗಳಲ್ಲಿ ಒಂದೆನ್ನುತ್ತದೆ. ಆದರೆ ಬೇಸಿಗೆ ಬಿಟ್ಟು ಉಳಿದ ಕಾಲದಲ್ಲಿ ಹಗಲುನಿದ್ದೆ ಕೂಡದು. ಹಾಡಿ, ಓದಿ, ಹೊರೆ ಹೊತ್ತು, ದಾರಿ ನಡೆದು ಬಳಲಿದವರಿಗೆ ವಿನಾಯಿತಿ ಉಂಟು. 'ಓದಿ' ಎಂಬ ಪದದ ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಹಾಕಿ, ಪುಸ್ತಕವನ್ನು ಮಡದಿಗೆ ಕಾಣುವಂತೆ ದಿವಾನದ ಮೇಲಿಟ್ಟೆ. ಆಕೆ ಓದಿದಳು. ಓದಿ, ಕೆಲವು ಶ್ಲೋಕ ಮುಂದೆ ಹೋಗಿ, ಮೈ ಬೆಳೆದವರೂ ನಿತ್ಯ ಜಿಡ್ಡು ತಿನ್ನುವವರೂ ಹಗಲಲ್ಲಿ ಮಲಗಲೇಬಾರದು ಎಂಬಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ, ತುಪ್ಪದ ಡಬ್ಬಿಯ ಪಕ್ಕದಲ್ಲಿಟ್ಟಳು. ಆಯುರ್ವೇದದ ಚರ್ಚೆ ಅಲ್ಲಿಗೆ ಮುಗಿಯಿತು.

ಪರದೇಶದವರೂ ಸುಮ್ಮನೆ ಕೂತಿಲ್ಲ. ಷಿಕಾಗೋದ ನಥಾನಿಯಲ್ ಕ್ಲೈಟ್‌ಮನ್ 1938ರಲ್ಲಿ ಶಿಷ್ಯನೊಬ್ಬನನ್ನು ಕಟ್ಟಿಕೊಂಡು ಕೆಂಟಕಿಯ ಮ್ಯಾಮತ್ ಗುಹೆಯೊಳಗೆ 32 ದಿನ ಇದ್ದ. ದಿನಕ್ಕೆ 24ರ ಬದಲು 28 ಗಂಟೆ ಮಾಡಿಕೊಂಡು ಬದುಕಲಾದೀತೇ ಎಂಬುದು ಅವರ ಪ್ರಶ್ನೆ. ಶಿಷ್ಯನಿಗೆ ಒಗ್ಗಿತು, ಗುರುವಿಗೆ ಒಗ್ಗಲಿಲ್ಲ. ಮುಚುಕುಂದನಿಂದ ಕ್ಲೈಟ್‌ಮನ್‌ವರೆಗೆ ಗುಹೆಯಿಲ್ಲದೆ ನಿದ್ರಾಶಾಸ್ತ್ರವಿಲ್ಲ. ನಾನು ಮಲಗುವ ಕೋಣೆಯ ಕಿಟಕಿಗೆ ಕಂಬಳಿ ಕಟ್ಟಿದ್ದನ್ನು ಈ ಪರಂಪರೆಯ ಬೆಳಕಿನಲ್ಲಿ ನೋಡಬೇಕು. 1953ರಲ್ಲಿ ಇದೇ ಕ್ಲೈಟ್‌ಮನ್ ಮತ್ತು ಯುಜೀನ್ ಅಸೆರಿನ್‌ಸ್ಕಿ, ಮಲಗಿದವನ ಕಣ್ಣುಗುಡ್ಡೆಗಳು ಮುಚ್ಚಿದ ರೆಪ್ಪೆಯೊಳಗೆ ಆಗಾಗ ಅತ್ತಿಂದಿತ್ತ ವೇಗವಾಗಿ ಓಡಾಡುತ್ತವೆ ಎಂದು ಪ್ರಕಟಿಸಿದರು. ಕನಸುಗಳು ದಟ್ಟವಾಗಿ ಬೀಳುವ ಹೊತ್ತು ಅದು. ಆಗ ಮೆದುಳು ಎಚ್ಚರದಲ್ಲಿದ್ದಷ್ಟೇ ಚುರುಕು. ನಿದ್ದೆಯ ಒಂದು ಸುತ್ತಿಗೆ ಸುಮಾರು 90 ನಿಮಿಷ. ಹತ್ತು ಗಂಟೆಯೆಂದರೆ ಆರೂವರೆಗೂ ಮಿಕ್ಕಿದ ಸುತ್ತು. ಚಾಮುಂಡಿ ಬೆಟ್ಟವನ್ನು ಒಂದು ಸಲ ಹತ್ತಿ ಬಂದವನಿಗೆ ಎಳನೀರು ಕೊಡುವ ಸಮಾಜ, ಆರೂವರೆ ಸುತ್ತು ಮುಗಿಸಿ ಬಂದವನಿಗೆ ಕಾಫಿಯನ್ನೂ ತಣ್ಣಗೆ ಕೊಡುತ್ತದೆ.

1991ರಲ್ಲಿ ಮೆಲ್ಬರ್ನಿನ ಮರ್ರೆ ಜಾನ್ಸ್ ತೂಕಡಿಕೆಯನ್ನು ಅಳೆಯುವ ಎಪ್‌ವರ್ತ್ ಮಾಪಕವನ್ನು ರೂಪಿಸಿದ. ಎಂಟು ಸಂದರ್ಭಗಳು, ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರು ಅಂಕ, ಒಟ್ಟು 24. ಹತ್ತು ದಾಟಿದರೆ ವಿಚಾರಿಸಬೇಕಾದ ವಿಷಯ. ನಾನು 19 ಪಡೆದೆ. ವಿದ್ಯಾರ್ಥಿದೆಸೆಯಲ್ಲಿ ಯಾವ ಪರೀಕ್ಷೆಯಲ್ಲೂ ನನಗೆ ಈ ಶೇಕಡಾವಾರು ಬಂದಿರಲಿಲ್ಲ. ಆದರೂ ಮಾಪಕದಲ್ಲಿ ದೋಷಗಳಿವೆ. ಸಭೆಯಲ್ಲಿ ಸುಮ್ಮನೆ ಕೂತಾಗ ತೂಕಡಿಕೆ ಬರುತ್ತದೆಯೇ ಎಂದು ಕೇಳುವವನಿಗೆ ಅಧ್ಯಕ್ಷೀಯ ಭಾಷಣದ ಪರಿಚಯವಿಲ್ಲ. ಕಾರು ಟ್ರಾಫಿಕ್ಕಿನಲ್ಲಿ ಕೆಲವು ನಿಮಿಷ ನಿಂತಾಗ ಎಂದು ಕೇಳುವವನು ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ ನೋಡಿದವನಲ್ಲ. ಮಧ್ಯಾಹ್ನ ಉಂಡು ಕೂತಾಗ ಎಂದು ಕೇಳುವವನಿಗೆ ಮುದ್ದೆ, ಸೊಪ್ಪಿನ ಸಾರು ಗೊತ್ತಿಲ್ಲ.

ಇಷ್ಟು ಪೂರ್ವಸಿದ್ಧತೆಯ ನಂತರ ಕ್ಷೇತ್ರಕಾರ್ಯ. ಮಡದಿ ಒಂದು ದಿನ ರಜೆ ಹಾಕಿ (ಆಕೆ ಪ್ರಾಥಮಿಕ ಶಾಲೆಯ ಶಿಕ್ಷಕಿ) ನನ್ನನ್ನು ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ರಕ್ತ ತೆಗೆದರು. ಥೈರಾಯ್ಡ್ ಸರಿ, ಹಿಮೋಗ್ಲೋಬಿನ್ ಸರಿ, ಬಿ12 ಸರಿ, ಸಕ್ಕರೆ ಗಡಿಯಲ್ಲಿ ನಿಂತು ಇಣುಕುತ್ತಿತ್ತು. ಮನಸ್ಸಿಗೇನಾದರೂ ಬೇಸರವೇ ಎಂದು ಕೇಳಿದರು. ಈ ಪ್ರಶ್ನೆ ಹಾಸ್ಯದ್ದಲ್ಲವೆಂದೂ, ಅತಿನಿದ್ದೆಯ ಬೆನ್ನಿಗೆ ಖಿನ್ನತೆ ಇರುವುದುಂಟೆಂದೂ ಹೇಳಿದರು. ಬೇಸರವಿಲ್ಲ, ಸಿದ್ಧಾಂತವಿದೆ ಎಂದೆ. ಗೊರಕೆ ಇದೆಯೇ ಎಂದರು. ಇಲ್ಲ ಎಂದೆ. ಪಕ್ಕದ ಕುರ್ಚಿಯಿಂದ ನಗು ಕೇಳಿಸಿತು.

ಇಲ್ಲೊಂದು ಪ್ರಮಾಣಶಾಸ್ತ್ರದ ತೊಡಕಿದೆ. ಗೊರಕೆಯ ವಿಷಯದಲ್ಲಿ ಹೊಡೆಯುವವನಿಗೆ ಪ್ರತ್ಯಕ್ಷ ಪ್ರಮಾಣ ದೊರೆಯುವುದೇ ಇಲ್ಲ. ಅವನಿಗೆ ಉಳಿಯುವುದು ಶಬ್ದಪ್ರಮಾಣ ಒಂದೇ, ಅದೂ ಇನ್ನೊಬ್ಬರ ಬಾಯಿಂದ. "ಗೊರಕೆ ಒಂದು ಕಡೆ ಇರ್ಲಿ ಡಾಕ್ಟ್ರೇ," ಎಂದಳು ಮಡದಿ. "ಅದು ನಿಂತುಹೋಗುತ್ತೆ. ಆಮೇಲೆ ಉಸಿರೂ ಇರಲ್ಲ. ಒಂದು, ಎರಡು, ಮೂರು ಅಂತ ಎಣಿಸ್ತೀನಿ. ಇಪ್ಪತ್ತು, ಇಪ್ಪತ್ತೈದಕ್ಕೆ ದಡಕ್ಕಂತ ಶುರುವಾಗುತ್ತೆ. ಇಲ್ದಿದ್ರೆ ಪಕ್ಕೆಗೆ ತಿವೀತೀನಿ." ಎಷ್ಟು ವರ್ಷದಿಂದ ಎಂದು ಡಾಕ್ಟರು ಕೇಳಿದರು. ಆಕೆ ಸ್ವಲ್ಪ ಯೋಚಿಸಿ, ಮಗ ಮೂರನೇ ಕ್ಲಾಸಿನಲ್ಲಿದ್ದಾಗಿನಿಂದ ಎಂದಳು. ಮಗ ಈಗ ಡಿಪ್ಲೊಮಾ ಓದುತ್ತಿದ್ದಾನೆ.

ತಲೆಗೆ ತಂತಿ, ಎದೆಗೆ ಪಟ್ಟಿ, ಬೆರಳಿಗೆ ಚಿಮುಟ ಸಿಕ್ಕಿಸಿ ಒಂದು ರಾತ್ರಿ ಆಸ್ಪತ್ರೆಯಲ್ಲಿ ಮಲಗಿಸಿದರು. ಗಂಟಲಿನ ದಾರಿ ಕುಸಿದು ಉಸಿರು ಹತ್ತು ಸೆಕೆಂಡಾದರೂ ನಿಂತರೆ, ಇಲ್ಲವೇ ತೀರ ಕ್ಷೀಣವಾಗಿ ರಕ್ತದ ಆಮ್ಲಜನಕ ಇಳಿದರೆ ಒಂದು ಎಣಿಕೆ. ಹಾಗಾದಾಗಲೆಲ್ಲ ಮೆದುಳು ಬೆಚ್ಚಿ ಕ್ಷಣಮಾತ್ರ ಎಬ್ಬಿಸುತ್ತದೆ. ಎಬ್ಬಿಸಿದ್ದು ಬೆಳಗ್ಗೆ ನೆನಪಿರುವುದಿಲ್ಲ. ಗಂಟೆಗೆ ಐದರೊಳಗಿದ್ದರೆ ಚಿಂತೆಯಿಲ್ಲ, ಮೂವತ್ತು ಮುಟ್ಟಿದರೆ ತೀವ್ರ. ನನ್ನದು 34. ಆ ರಾತ್ರಿ ಏಳು ಗಂಟೆ ಮಲಗಿದ್ದೆ. ಗುಣಿಸಿದೆ: 238. ವಿಜ್ಞಾನದ ಬಗ್ಗೆ ಇದ್ದ ಸಣ್ಣಪುಟ್ಟ ಅನುಮಾನಗಳು ಆ ಕ್ಷಣದಲ್ಲಿ ಪರಿಹಾರವಾದವು. ನಿದ್ದೆ ದುಡಿಮೆಯೇ! ನಾನು ರಾತ್ರಿಯಿಡೀ ಉಸಿರನ್ನು ಬಾವಿಯಿಂದ ಸೇದುತ್ತಿದ್ದೆ, ಕೊಡ ಕೊಡವಾಗಿ. ವರದಿಯನ್ನು ಅಮ್ಮನಿಗೆ ಓದಿ ಹೇಳಿದೆ. "ಅಯ್ಯೋ ನನ್ನಪ್ಪ" ಎಂದು ಅತ್ತರು. ಪೂರ್ವಪಕ್ಷ ಬಿದ್ದುಹೋಯಿತು.

ಮೂಗಿಗೆ ಕಟ್ಟಿಕೊಂಡು ಮಲಗುವ ಯಂತ್ರ ಕೊಟ್ಟರು. ಒತ್ತಡದಿಂದ ಗಾಳಿ ಊದಿ ಗಂಟಲಿನ ದಾರಿಯನ್ನು ತೆರೆದಿಡುವ ಈ ಉಪಾಯವನ್ನು 1981ರಲ್ಲಿ ಆಸ್ಟ್ರೇಲಿಯಾದ ಕಾಲಿನ್ ಸಲಿವನ್ ಪ್ರಕಟಿಸಿದ. ಕಟ್ಟಿಕೊಂಡರೆ ಆನೆಯ ಮರಿ ಅಡ್ಡಬಿದ್ದ ಹಾಗೆ ಕಾಣುತ್ತೇನಂತೆ. ಮೊದಲ ರಾತ್ರಿ ಗೊರಕೆ ಇಲ್ಲ, ಉಸಿರು ನಿಲ್ಲುವುದಿಲ್ಲ, ದಡಕ್ಕೆನ್ನುವುದಿಲ್ಲ. ಮಡದಿ ಆ ನಿಶ್ಶಬ್ದಕ್ಕೆ ಹೆದರಿ ಮೂರು ಸಲ ಎದ್ದು ನನ್ನ ಎದೆಯ ಮೇಲೆ ಕೈಯಿಟ್ಟು ನೋಡಿದಳಂತೆ.

ಎರಡನೆಯ ಭಾನುವಾರ ನನಗೆ ಆರು ಗಂಟೆಗೇ ಎಚ್ಚರವಾಯಿತು. ಮೈ ಹಗುರ. ಏಳೇ ಗಂಟೆ ಮಲಗಿದ್ದೆ. ಸಿದ್ಧಾಂತದ ಗತಿಯೇನೆಂದು ಗಾಬರಿಯಾಗಿ, ಇದನ್ನು ಹೇಗೆ ಅರ್ಥೈಸಬೇಕೆಂದು ಕೇಳಲು ಪಕ್ಕಕ್ಕೆ ತಿರುಗಿದೆ. ಮಡದಿ ಮಲಗಿದ್ದಳು. ಐದಕ್ಕೆ ಏಳುವವಳು ಆರಕ್ಕೂ ಮಲಗಿದ್ದಳು, ಏಳಕ್ಕೂ ಮಲಗಿದ್ದಳು. ಹಾಲಿನವನು ಬಂದು ಹೋದ. ಕಂಬಳಿ ಕಟ್ಟಿದ ಕಿಟಕಿಯ ಸಂದಿಯಿಂದ ಬಿಸಿಲು ಒಳಗೆ ಬಂತು. ಹತ್ತಕ್ಕೆ ಎದ್ದು, ಮಂಚದ ಅಂಚಿನಲ್ಲಿ ಕೂತು, ಬಿಚ್ಚಿದ ಕೂದಲನ್ನು ಗಂಟು ಹಾಕಿಕೊಳ್ಳುತ್ತಾ, "ಯಾಕೋ ರೀ, ತುಂಬಾ ಸುಸ್ತು" ಎಂದಳು.

ಇಷ್ಟೊತ್ತು ಮಲಗಿದ್ದೆಯಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಕಾಫಿ ಫಿಲ್ಟರ್ ಎಲ್ಲಿದೆ ಎಂದು ಕೇಳಬಾರದು ಎಂದು ನಿಶ್ಚಯಿಸಿಕೊಂಡು ಅಡುಗೆಮನೆಗೆ ಹೋದೆ.